ಕಲ್ಲಿಗೊಂದು ಹೆಪ್ಪು

ಗಾಳಿಯ ಹೊಗೆಯೆಲ್ಲ ನೀರಿಗಿಳಿದು ಕಡಲು ಹುಳಿಯಾದ ಮೇಲೆ ಗಂಗೊಳ್ಳಿಯ ದಡದಲ್ಲಿ ಮನೆಗೊಂದು ಬಂಡೆಯ ಪಾಲು. ಅದಕ್ಕೆ ಗುಲಾಬಿ ಕಲ್ಲುಪಾಚಿ ಹಿಡಿದರಷ್ಟೇ ಚಿಪ್ಪುಮೀನಿನ ಮರಿಗಳು ಬಂದು ಕೂರುವುದು, ಮನೆಯಲ್ಲಿ ಸಾರು ಕುದಿಯುವುದು. ಈ ಬೇಸಿಗೆಯ ಬಿಸಿನೀರಿಗೆ ಪಾಚಿ ಸತ್ತು ಬಚ್ಚಮ್ಮನ ಬಂಡೆ ಪೂರ್ತಿ ಬಿಳಿಚಿಕೊಂಡಿತು. ಮೊಸರಿಗೆ ಹೆಪ್ಪು ಕೇಳುವವಳಂತೆ ಬಟ್ಟಲು ಹಿಡಿದು, ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯ ಮುತ್ತಕ್ಕನ ಬಾಗಿಲಿಗೆ ಹೋದಳು.

“ಒಂಚೂರು ಪಾಚಿ ಇತ್ತಾ?”

“ನಂದೂ ಬೆಳ್ಳಗಾಯ್ತ್ ಮಾರಾಯ್ತಿ. ಇದೊಂದ್ ಉಳ್ದಿತ್,” ಎಂದ ಮುತ್ತಕ್ಕ ನೆರಳಲ್ಲಿದ್ದ ಉಪ್ಪುನೀರಿನ ಮಡಕೆಯಿಂದ ಗುಲಾಬಿ ಪಾಚಿ ಹಿಡಿದ ಕಲ್ಲೊಂದನ್ನು ಎತ್ತಿದಳು.

“ಎಷ್ಟ್ ಚಂದ! ಎಲ್ ಸಿಕ್ತ್?”

“ಹ್ವಾದ್ ವರ್ಷ ಜಗಳದಗೆ ನೀನೇ ನನ್ ಮೇಲೆ ಬಿಸಾಡಿದ್ ಕಲ್ಲ್.”

ಬಚ್ಚಮ್ಮನ ಮುಖವೂ ಗುಲಾಬಿಯಾಯಿತು. “ಅದನ್ನ ಇಷ್ಟ್ ದಿನ ಸಾಕಿದ್ಯಾ?”

“ತಿರ್ಗಿ ಹೊಡುಕೆ ಅಂದೇಳಿ ಇಟ್ಕಂಡಿದ್ದೆ.”

“ಹಂಗಾರೆ ಹೊಡಿ,” ಎಂದು ಬಚ್ಚಮ್ಮ ನಗುತ್ತಾ ಬಟ್ಟಲು ಒಡ್ಡಿದಳು.