ನೀರಡಿಯ ಎರಡು ನಿಮಿಷ

ನರ್ಸಕ್ಕ ಕೋಟಿನ ಸಮೇತ ಕೊಳಕ್ಕೆ ಧುಮುಕಿ ವೆಲ್ಡರನನ್ನು ತಳದಿಂದ ಎಳೆದು ತಂದಾಗ ಅವನ ತುಟಿ ನೀಲಿಗಟ್ಟಿತ್ತು. ಕಟ್ಟೆಯ ಮೇಲೆ ಮಲಗಿಸಿ, ಬಾಯಿಗೆ ಬಾಯಿಟ್ಟು ಊದಿದಳು. ಮೂರನೆಯ ಸಲಕ್ಕೆ ಅವನು ಕೆಮ್ಮಿದ. ನೀರಿನ ಜೊತೆ ಗುಲಾಬಿ ಬಣ್ಣದ ನೊರೆಯೂ ಅವಳ ತೋಳ ಮೇಲೆ ಬಿತ್ತು.

"ಎಷ್ಟು ಚಮಚ ಪುಡಿ ನುಂಗಿದ್ದೆ?"

"ಮೂರು. ಡಬ್ಬಿ ಮೇಲೆ ಒಂದು ಅಂತಿದೆ. ಒಂದರಲ್ಲಿ ಏನಾಗುತ್ತಕ್ಕ?"

ಬಂದರಿನ ರಕ್ಷಣಾ ದಳಕ್ಕೆ ಐದು ಜನರನ್ನು ಕಾಯಂ ಮಾಡಿಕೊಳ್ಳುವ ಪರೀಕ್ಷೆ ಅದು. ಎರಡು ನಿಮಿಷ ಉಸಿರು ಬಿಗಿಹಿಡಿದು ನೀರಡಿ ಇರಬೇಕು. ಏಳೆಂಟು ವರ್ಷ ದಿನಗೂಲಿಯಲ್ಲಿ ಸವೆದವರೆಲ್ಲ ಚಡ್ಡಿಯಲ್ಲಿ ಸಾಲುಗಟ್ಟಿದ್ದರು; ಕಸರತ್ತಿನವರು ತಿನ್ನುವ ಗುಲಾಬಿ ಬಣ್ಣದ ಶಕ್ತಿಪುಡಿಯ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು. ಪರೀಕ್ಷೆ ನಡೆಸುವ ಸಾಹೇಬನ ಭಾಮೈದನ ಅಂಗಡಿಯದೇ ಮಾಲು. ನರ್ಸಕ್ಕ ಬೆಳಗಿನಿಂದ ಗಂಟಲು ಹರಿದುಕೊಂಡಿದ್ದಳು: "ಈ ಪುಡಿ ಎದೆಯನ್ನ ಕುದುರೆ ಓಡಿಸಿದ ಹಾಗೆ ಓಡಿಸುತ್ತೆ ಕಣ್ರಪ್ಪ. ಓಡೋ ಎದೆಗೆ ಗಾಳಿ ಜಾಸ್ತಿ ಬೇಕು. ನೀವು ಹೋಗ್ತಿರೋದು ಗಾಳಿಯೇ ಇಲ್ಲದ ಜಾಗಕ್ಕೆ." ಕಾಯಂ ಎಂಬ ಮಾತು ತುಂಬಿಕೊಂಡ ಕಿವಿಗೆ ಬೇರೆ ಮಾತು ಎಲ್ಲಿಂದ ಇಳಿಯಬೇಕು?

ಸಾಹೇಬ ಸ್ಟಾಪ್‌ವಾಚ್ ನೋಡುತ್ತಾ, ಒದ್ದೆಯಾಗದಂತೆ ಬೂಟು ಎತ್ತೆತ್ತಿಟ್ಟು ಹತ್ತಿರ ಬಂದ. "ಎರಡು ನಿಮಿಷ ನಾಲ್ಕು ಸೆಕೆಂಡು. ಪಾಸು."

ನರ್ಸಕ್ಕನಿಗೆ ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು. "ಸಾಹೇಬ್ರೇ, ಕೊನೆ ಹದಿನೈದು ಸೆಕೆಂಡು ಇವನಿಗೆ ಜ್ಞಾನವೇ ಇರಲಿಲ್ಲ."

"ನಿಯಮ ಓದಿ ಸಿಸ್ಟರ್. ಎರಡು ನಿಮಿಷ ನೀರಡಿ ಇರಬೇಕು ಅಂತಿದೆ. ಜ್ಞಾನ ಇರಬೇಕು ಅಂತ ಎಲ್ಲಿದೆ?"

"ಹಾಗಾದ್ರೆ ಒಂದು ಹೆಣ ತಂದು ಹಾಕಿ. ದಿನವಿಡೀ ಅಲ್ಲೇ ಇರುತ್ತೆ, ಸಂಬಳಾನೂ ಕೇಳಲ್ಲ."

ಸಾಲಿನಲ್ಲಿ ಯಾರೋ ನಕ್ಕರು. ಸಾಹೇಬ ತಿರುಗಿ ನೋಡಿದ, ನಗು ಅಲ್ಲೇ ಇಂಗಿತು.

"ಪುಡಿ ತಿಂದವರು ಯಾರೂ ಇವತ್ತು ನೀರಿಗಿಳಿಯೋ ಹಾಗಿಲ್ಲ. ಪುಸ್ತಕದಲ್ಲಿ ಬರೀತೀನಿ," ಎಂದಳು ನರ್ಸಕ್ಕ.

"ಬರೀರಿ. ಇವತ್ತು ಇಳಿಯದವರಿಗೆ ಮತ್ತೆ ಕರೆ ಬರಲ್ಲ, ಅದನ್ನೂ ಕೆಳಗೆ ಬರೀರಿ." ಹೇಳಿದವನೇ ಸಾಹೇಬ ಸೀಟಿ ಊದಿದ.

ವೆಲ್ಡರನ ಹಿಂದೆ ನಿಂತಿದ್ದವನು ಕ್ರೇನಿನವನು, ಮೀಸೆ ಅರ್ಧ ನರೆತವನು. ಅವನು ಕಟ್ಟೆಯ ಅಂಚಿಗೆ ಬರುತ್ತಿದ್ದಂತೆ ನರ್ಸಕ್ಕ ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ನಾಡಿ ಎಣಿಕೆಗೇ ಸಿಗದಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು. "ಬೇಡ ಕಣೋ. ನಿನ್ನ ದಮ್ಮಯ್ಯ ಅಂತೀನಿ, ಇಳೀಬೇಡ."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಸಾಹೇಬನಿಗೆ ಕೇಳಿಸದ ಹಾಗೆ ಅವಳ ಕಿವಿಯ ಹತ್ತಿರ ಬಗ್ಗಿದ.

"ಅಕ್ಕ, ಒಂದು ಉಪಕಾರ ಮಾಡಿ. ನಾನೂ ಜ್ಞಾನ ತಪ್ಪಿ ತಳಕ್ಕೆ ಹೋದ್ರೆ, ಎರಡು ನಿಮಿಷ ತುಂಬೋ ತನಕ ಎತ್ತಬೇಡಿ."