ಅಡುಗೆಮನೆಯ ಕೆಳಗೆ

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನನಗೆ ಎಂಬತ್ತರ ದಶಕದಲ್ಲಿ ಸೌದಿಯ ತಬೂಕ್‌ನಲ್ಲಿದ್ದ ನಮ್ಮ ಬಾಡಿಗೆ ಮನೆ ನೆನಪಾಗುತ್ತದೆ.

ನೆಲದಡಿಯ ಪೈಪು ಸೋರಿ ಅಡುಗೆಮನೆಯ ಕೆಳಗಿನ ಮರಳೆಲ್ಲ ಕೊಚ್ಚಿಹೋಗಿತ್ತು. ಅಬ್ಬ ನೆಲ ಒಡೆದಾಗ ಗುಹೆಯಂಥ ಪೊಳ್ಳು ಕಂಡಿತು. ನಮ್ಮ ಮನೆಯಡಿ ಇನ್ನೊಂದು ಮನೆ ಸಿಕ್ಕಿತೆಂದು ನಾನು ಕುಣಿದಾಡಿದೆ.

ಅದು ಎಲ್ಲಿಯವರೆಗಿದೆ ಎಂದು ನೋಡದೆ ಕಾಂಕ್ರೀಟ್ ಹಾಕುವಂತಿರಲಿಲ್ಲ. ಅಬ್ಬನ ಹೆಗಲು ಒಡೆದ ಕಿಂಡಿಯಲ್ಲಿ ಹಿಡಿಸಲಿಲ್ಲ. ಅಬ್ಬ ಜೊತೆಗಿಲ್ಲದೆ ಬಾಗಿಲಾಚೆ ಕಾಲಿಡದ ಉಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಟಾರ್ಚು ಕೊಡಿ, ನಾನು ಹೋಗ್ತೇನೆ."

"ನಿನಗೆಂತ ಮರುಳಾ? ಕುಸಿದರೆ?"

ಅಷ್ಟರಲ್ಲಿ ಉಮ್ಮ ಇಳಿದಾಗಿತ್ತು. ನಾನು ಬೋರಲು ಮಲಗಿ ಇಣುಕಿದೆ. ಟಾರ್ಚಿನ ಬೆಳಕು ದೂರ ದೂರ ಹೋಯಿತು.

"ಇಲ್ಲಿ ಎಷ್ಟು ತಂಪು ಗೊತ್ತುಂಟಾ? ಗೋಡೆಯ ಪಾಯ ಗಟ್ಟಿ ಉಂಟು, ನಡುವೆ ಮಾತ್ರ ಖಾಲಿ."

"ನೋಡಿದ್ದು ಸಾಕು, ಯಲ್ಲಾ, ಬೇಗ ಮೇಲೆ ಬಾ." ಅಬ್ಬ ಕಿಂಡಿಯೊಳಗೆ ಕೈ ಇಳಿಸಿದರು.

"ಸ್ವಲ್ಪ ನಿಲ್ಲಿ ಮಾರಾಯ್ರೆ, ಇನ್ನೊಂದು ಮೂಲೆ ಉಂಟು."

ಮೇಲೆ ಬಂದಾಗ ಉಮ್ಮನ ಮುಖವೆಲ್ಲ ಕೆಸರು, ನಗು ನಿಲ್ಲುತ್ತಿರಲಿಲ್ಲ. ಅಬ್ಬನೂ ಗೆಳೆಯರೂ ಪೈಪು ಸರಿಮಾಡಿ, ಕಾಂಕ್ರೀಟ್ ಸುರಿದು ಪೊಳ್ಳು ತುಂಬಿಸಿದರು.

ಶುಕ್ರವಾರ, ತಬೂಕ್‌ನಲ್ಲೇ ಇದ್ದ ನಮ್ಮೂರಿನ ಹೆಂಗಸರು ಮನೆಗೆ ಬಂದರು. ಉಮ್ಮ ಹೊಸ ನೆಲದ ಮೇಲೆ ನಿಂತು, ಕೈ ಚಾಚಿ ತೋರಿಸಿದರು.

"ಇಲ್ಲಿಂದ ಅಲ್ಲಿಯವರೆಗೆ ನಾನೊಬ್ಬಳೇ ಹೋಗಿ ಬಂದೆ."