ಅಜ್ಜಿಯ ನೀಲಿ ಬಟ್ಟಲು

ಸೆನೆಟರನ ಅಮೃತಶಿಲೆಯ ಗೋರಿಯ ಪಕ್ಕ ಗುರುತಿಲ್ಲದ ಗೋರಿ ಹುಡುಕಿಕೊಡುವ ಕ್ಲೀಟಸ್ ನೆಲಕ್ಕೆ ಸಲಾಕೆ ಊರಿದಾಗ ಅರ್ಲೀನ್ ಉಸಿರು ಬಿಗಿಹಿಡಿದಳು. ಅದು ಸಲೀಸಾಗಿ ಇಳಿದರೆ ಅಲ್ಲಿ ಯಾರನ್ನೋ ಹೂತಿದ್ದಾರೆಂದೇ ಅರ್ಥ. ಅವಳಜ್ಜಿಗೆ ಕಲ್ಲು ನೆಟ್ಟವರಿಲ್ಲ. ತಮ್ಮವರ ಪದ್ಧತಿಯಂತೆ, ಅಜ್ಜಿ ಕೊನೆಯ ಗುಟುಕು ಕುಡಿದ ನೀಲಿ ಬಟ್ಟಲನ್ನು ಒಡೆದು ಮಣ್ಣಿನ ಮೇಲಿಟ್ಟಿದ್ದರು, ಅಷ್ಟೇ. ಸೆನೆಟರನ ಗೋರಿ ಎದ್ದಿರುವುದು ಆ ಮಣ್ಣಿನ ಮೇಲೆಯೇ ಎಂದು ಕೌಂಟಿಯೆಲ್ಲ ಗುಸುಗುಸು.

"ಬದುಕಿದ್ದಷ್ಟು ದಿನ ಅವನ ಬಟ್ಟೆ ಒಗೆದು ಒಣಗಿಸಿದಳು ಕಣಪ್ಪಾ. ಸತ್ತ ಮೇಲೂ ಅವನ ಭಾರ ಹೊರಬೇಕಾ?"

"ತಡ್ಕೋ ಅಕ್ಕಾ. ಇಲ್ಲಿ ನೆಲ ಬಂಡೆ ಇದ್ದಂಗಿದೆ, ಯಾರೂ ಇಲ್ಲ." ಕ್ಲೀಟಸ್ ಗೋರಿಯ ಸುತ್ತಲಿನ ಬೇಲಿ ದಾಟಿ ಓಕ್ ಮರದಡಿ ಚುಚ್ಚಿದ. ಸಲಾಕೆ ಸರ್ರನೆ ಇಳಿಯಿತು. ಮಣ್ಣು ಕೆದಕಿದರೆ, ನೀಲಿ ಬಟ್ಟಲಿನ ಹಿಡಿ!

ಅರ್ಲೀನ್ ಅಲ್ಲೇ ಕೂತು, ಅದನ್ನು ಲಂಗದ ತುದಿಯಿಂದ ಒರೆಸುತ್ತ ನಕ್ಕಳು. "ನೆರಳಲ್ಲಿ ತಣ್ಣಗೆ ಮಲಗು ಅಜ್ಜೀ. ಬಿಸಿಲಲ್ಲಿ ಈಗ ಅವನೇ ಒಣಗಲಿ."